ಒಂದೇ ಹೆಸರು, ಎರಡು ಗೇಮ್: ಟ್ರೇಡ್‌ಮಾರ್ಕ್ ಜಗಳ ಬಂದರೆ ಸಣ್ಣ ಡೆವಲಪರ್ ಏನೇನು ಮಾಡಬೇಕು

ಆ ಮೇಲ್ ಬಂದಾಗ ನಾನು ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆಗೆ ಕಾಯುತ್ತಿದ್ದೆ. 2025ರ ಫೆಬ್ರವರಿ. ಕಳಿಸಿದವರು ಕೊಚ್ಚಿಯ ಒಬ್ಬ ವಕೀಲರು. ನಾಲ್ಕು ಪುಟದ ಪಿಡಿಎಫ್. ಸಾರ ಇಷ್ಟೇ: ನಿಮ್ಮ ಗೇಮ್‌ಗೆ ಇಟ್ಟಿರುವ ಹೆಸರು ನಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್, 15 ದಿನದೊಳಗೆ ಸ್ಟೀಮ್‌ನಿಂದ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ತೆಗೆಯಿರಿ, ಇಲ್ಲದಿದ್ದರೆ ಕೋರ್ಟು, ನಷ್ಟ ಪರಿಹಾರ, ಖರ್ಚು. ನಮ್ಮ ಗೇಮ್‌ನ ಡೆಮೊ ಹೊರಬರಲು ಉಳಿದಿದ್ದು 19 ದಿನ. ದೋಸೆ ಬಂತು. ಅರ್ಧ ಬಿಟ್ಟು ಎದ್ದೆ.

ಗೇಮ್‌ಗಳ ನಿಜವಾದ ಹೆಸರು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಆದ ಒಪ್ಪಂದದಲ್ಲಿ ಹಾಗೊಂದು ಷರತ್ತಿದೆ. ನಮ್ಮದು ‘ಇರುಳು’, ಅವರದು ‘ಇರುಳ್’ ಅಂತ ಇಟ್ಟುಕೊಳ್ಳಿ. ಸಿಕ್ಕು ಹೆಚ್ಚೂಕಡಿಮೆ ಇದೇ ತರಹದ್ದು. ಕನ್ನಡದಲ್ಲಿ ಇರುಳು ಅಂದರೆ ರಾತ್ರಿ, ಮಲಯಾಳದಲ್ಲಿ ಇರುಳ್ ಅಂದರೆ ಕತ್ತಲು. ಎರಡೂ ಹಾರರ್ ಗೇಮ್. ಯಾರೂ ಯಾರದ್ದನ್ನೂ ಕದ್ದಿರಲಿಲ್ಲ. ಹಾರರ್ ಗೇಮ್ ಮಾಡುವ ದಕ್ಷಿಣದ ಇಬ್ಬರು ಹುಡುಗರಿಗೆ ಒಂದೇ ಪದ ಹೊಳೆಯಿತು, ಅಷ್ಟೇ.

ನಾನು ವಕೀಲನಲ್ಲ. ಜಯನಗರದ ಒಂದು ಬಾಡಿಗೆ ರೂಮಿನಲ್ಲಿ ಗೆಳೆಯನ ಜೊತೆ ಗೇಮ್ ಮಾಡುವವನು. ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕ್ರಮ ಮುಖ್ಯ. ಮೊದಲು ದಾಖಲೆ, ಆಮೇಲೆ ಮಾತುಕತೆ, ವಕೀಲರ ಕಾಗದ ಕೊನೆಗೆ. ನಾವು ಇದನ್ನು ತಿರುಗಾಮುರುಗಾ ಮಾಡಲು ಹೊರಟಿದ್ದೆವು.

ಹೆಜ್ಜೆ 1: ಮೊದಲ ದಿನ ಏನೂ ಮಾಡಬೇಡಿ

ನೋಟಿಸ್ ಕೋರ್ಟ್ ಆದೇಶ ಅಲ್ಲ. ಅದರಲ್ಲಿರುವ 15 ದಿನದ ಗಡುವು ಆ ವಕೀಲರೇ ಹಾಕಿದ್ದು, ಯಾವ ಕಾನೂನಿನಲ್ಲೂ ಇಲ್ಲ. ಹಾಗಂತ ಉತ್ತರ ಕೊಡದೆ ಬಿಡುವುದೂ ತಪ್ಪು. ಮುಂದೆ ಕೋರ್ಟಿನಲ್ಲಿ ‘ಗೊತ್ತಿದ್ದೂ ಸುಮ್ಮನಿದ್ದರು’ ಅನ್ನುತ್ತಾರೆ. ಗಡುವಿನೊಳಗೆ ‘ನಿಮ್ಮ ಪತ್ರ ತಲುಪಿದೆ, ವಿವರವಾದ ಉತ್ತರ ಕಳಿಸುತ್ತೇವೆ, ನಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ’ ಅಂತ ಮೂರು ಸಾಲು ಹೋದರೆ ಸದ್ಯಕ್ಕೆ ಸಾಕು.

ನನ್ನ ಪಾರ್ಟ್ನರ್ ಅವತ್ತು ಸಂಜೆಯೇ ನಮ್ಮ ಆಟಗಾರರ ಡಿಸ್ಕಾರ್ಡ್ ಗುಂಪಿನಲ್ಲಿ ‘ಯಾರೋ ನಮ್ಮ ಹೆಸರು ಕಿತ್ಕೊಳ್ತಿದಾರೆ’ ಅಂತ ಹಾಕಲು ಹೊರಟಿದ್ದ. ‘ಬೇಡ ಗುರೂ, ಒಂದು ದಿನ ತಡಿ’ ಅಂದೆ. ಪುಣ್ಯಕ್ಕೆ ತಡೆದ. ಅಭಿಮಾನಿಗಳು ಸಿಟ್ಟಿಗೆದ್ದು ಆ ಕಡೆಯ ಗೇಮ್‌ಗೆ ಒಂದು ಸ್ಟಾರ್ ಕೊಡಲು ಶುರು ಮಾಡಿದರೆ ಆಮೇಲೆ ಯಾವ ಮಾತುಕತೆಯೂ ನಡೆಯುವುದಿಲ್ಲ.

ಇನ್ನೊಂದು. ಏನನ್ನೂ ಅಳಿಸಬೇಡಿ. ಹಳೆಯ ಪೇಜು, ಹಳೆಯ ಲೋಗೋ, ಹಳೆಯ ಪೋಸ್ಟು ಎಲ್ಲ ಇದ್ದ ಹಾಗೇ ಇರಲಿ. ಹೆದರಿಕೊಂಡು ಹೆಸರು ಬದಲಿಸಿಬಿಟ್ಟರೆ ನಿಮ್ಮ ಸಾಕ್ಷಿಯನ್ನು ನೀವೇ ಕೆಡಿಸಿದಂತೆ.

ಹೆಜ್ಜೆ 2: ತಾರೀಕುಗಳ ಫೈಲ್ ಕಟ್ಟಿ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮಲ್ಲೇಶ್ವರದಲ್ಲಿ ಒಬ್ಬ ವಕೀಲರ ಹತ್ತಿರ ಹೋದೆವು. ಮೇಡಂ ನೋಟಿಸ್ ಓದಿ, ಕನ್ನಡಕ ತೆಗೆದು, ಒಂದೇ ಪ್ರಶ್ನೆ ಕೇಳಿದರು.

‘ಹೆಸರು ಮೊದಲು ಯಾವತ್ತು ಹೊರಗೆ ಬಂತು?’

‘2022ರ ಜೂನ್‌ನಲ್ಲಿ ಕೆಲಸ ಶುರು ಮಾಡಿದ್ವಿ ಮೇಡಂ. ಕೋಡ್ ದಾಖಲೆ ಇಡೋ ಗಿಟ್‌ನಲ್ಲಿ ಎಲ್ಲಾ ಇದೆ.’

‘ನಾನು ಕೇಳಿದ್ದು ಅದಲ್ಲಪ್ಪ. ಜನ ಯಾವತ್ತು ನೋಡಿದ್ರು?’

ಇಡೀ ವಿಷಯ ಈ ಪ್ರಶ್ನೆಯ ಮೇಲೇ ನಿಂತಿದೆ. ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಮೊದಲು ಅರ್ಜಿ ಹಾಕಿದವನಿಗಿಂತ ಮೊದಲು ಬಳಸಿದವನ ಕೈ ಮೇಲು. ಸೆಕ್ಷನ್ 34 ಇರುವುದೇ ಇದಕ್ಕೆ. ಬೇರೆಯವರು ನೋಂದಣಿ ಮಾಡಿಸಿಕೊಂಡಿದ್ದರೂ, ಅವರು ಬಳಸಲು ಶುರು ಮಾಡುವ ಮೊದಲೇ, ಅವರ ನೋಂದಣಿ ತಾರೀಕಿಗೂ ಮೊದಲೇ ನೀವು ನಿರಂತರವಾಗಿ ಬಳಸುತ್ತಿದ್ದರೆ ಅವರು ನಿಮ್ಮನ್ನು ತಡೆಯಲಾಗದು. ನೋಂದಾಯಿತ ಮಾಲೀಕನಿಗಿಂತಲೂ ಮೊದಲ ಬಳಕೆದಾರನ ಹಕ್ಕು ದೊಡ್ಡದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಸೈಯದ್ ಮೊಹಿದೀನ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ.

ಆದರೆ ‘ಬಳಕೆ’ ಅಂದರೆ ಮಾರುಕಟ್ಟೆಯಲ್ಲಿ, ಜನರ ಕಣ್ಣಿಗೆ. ನಿಮ್ಮ ಲ್ಯಾಪ್‌ಟಾಪಿನೊಳಗೆ ಅಲ್ಲ. ಗಿಟ್ ಕಮಿಟ್, ಡಿಸೈನ್ ಡಾಕ್ಯುಮೆಂಟ್, ವಾಟ್ಸಾಪ್ ಚಾಟು ಇವು ಬೇರೆ ಕೆಲಸಕ್ಕೆ ಬರುತ್ತವೆ. ಹೆಸರನ್ನು ನೀವು ಕದ್ದಿಲ್ಲ, ಪ್ರಾಮಾಣಿಕವಾಗಿ ಇಟ್ಟಿರಿ ಅಂತ ತೋರಿಸಲು. ಮೊದಲ ಬಳಕೆ ತೋರಿಸಲು ಅಲ್ಲ.

ಹಾಗಾದರೆ ಏನು ಸೇರಿಸಬೇಕು? ಇಚ್‌ಗೆ (ಸಣ್ಣ ಡೆವಲಪರ್‌ಗಳು ಗೇಮ್ ಹಾಕುವ ವೆಬ್‌ಸೈಟು) ಅಪ್‌ಲೋಡ್ ಮಾಡಿದ ದಿನ, ಸ್ಟೀಮ್ ಪೇಜ್ ಹೊರಗೆ ಬಂದ ದಿನ, ಯೂಟ್ಯೂಬ್‌ನ ಮೊದಲ ಟ್ರೇಲರ್, ಡೊಮೇನ್ ಕೊಂಡ ಇನ್‌ವಾಯ್ಸ್, ಮೇಳದಲ್ಲಿ ಸ್ಟಾಲ್ ಹಾಕಿದ್ದರೆ ಅದರ ಫೋಟೋ ಮತ್ತು ರಸೀದಿ, ಮಾರಾಟ ಆಗಿದ್ದರೆ ತಿಂಗಳ ಪಾವತಿ ವರದಿ, ಜಾಹೀರಾತಿಗೆ ಖರ್ಚು ಮಾಡಿದ್ದರೆ ಆ ಬಿಲ್ಲು. ಯಾರಾದರೂ ಹೊರಗಿನವರು ನಿಮ್ಮ ಗೇಮ್ ಬಗ್ಗೆ ಬರೆದಿದ್ದರೆ, ಆಡಿ ವಿಡಿಯೋ ಹಾಕಿದ್ದರೆ ಅದಕ್ಕೆ ತೂಕ ಜಾಸ್ತಿ. ಅದು ನಿಮ್ಮ ಕೈಯಲ್ಲಿ ತಿದ್ದಲು ಆಗುವಂಥದ್ದಲ್ಲವಲ್ಲ.

ಇಲ್ಲಿ ನನ್ನ ಒಂದು ದಡ್ಡತನ ಹೇಳಬೇಕು. ‘ಇರುಳು’ ಮೊದಲು ಹೊರಗೆ ಬಂದಿದ್ದು 2023ರ ಜನವರಿಯಲ್ಲಿ, ಒಂದು ಗೇಮ್ ಜಾಮ್‌ಗೆ (ಕೆಲವೇ ದಿನದಲ್ಲಿ ಗೇಮ್ ಮಾಡುವ ಸ್ಪರ್ಧೆ) ಅಂತ ಇಚ್‌ನಲ್ಲಿ. ಉಚಿತ. 2024ರ ನವೆಂಬರ್‌ನಲ್ಲಿ ಸ್ಟೀಮ್ ಪೇಜ್ ಹಾಕಿದಾಗ, ಹಳೆಯ ಕಚ್ಚಾ ಆವೃತ್ತಿ ನೋಡಿ ಜನ ನಗಬಾರದು ಅಂತ ಇಚ್‌ನ ಆ ಪೇಜನ್ನು ಯಾರಿಗೂ ಕಾಣದ ಡ್ರಾಫ್ಟ್‌ಗೆ ತಳ್ಳಿಬಿಟ್ಟಿದ್ದೆ. ಹಳೆಯ ವೆಬ್ ಪೇಜುಗಳ ಪ್ರತಿ ಇಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿದೆ. ಒಂದು ಪ್ರತಿಯೂ ಇಲ್ಲ. ಹೊರಗಿನವರ ಕಣ್ಣಿಗೆ ನಮ್ಮ ಗೇಮ್ ಹುಟ್ಟಿದ್ದೇ 2024ರ ನವೆಂಬರ್‌ನಲ್ಲಿ. ಕೊಚ್ಚಿಯವರು ನಮ್ಮನ್ನು ನಕಲು ಅಂದುಕೊಂಡಿದ್ದರಲ್ಲಿ ಏನು ತಪ್ಪು? ಕೊನೆಗೆ ಕೈ ಹಿಡಿದದ್ದು ಎರಡು. ಜಾಮ್ ಪೇಜಿಗೆ ಬಂದ ಕಾಮೆಂಟಿನ ಮೇಲ್ ನೋಟಿಫಿಕೇಶನ್. ಮತ್ತೆ, ಬ್ರೆಜಿಲ್‌ನ ಯಾರೋ ಪುಣ್ಯಾತ್ಮ ಜಾಮ್‌ನ ಹತ್ತು ಗೇಮ್ ಆಡಿ ಹಾಕಿದ್ದ ಯೂಟ್ಯೂಬ್ ವಿಡಿಯೋ. ಅದರ 14ನೇ ನಿಮಿಷದಲ್ಲಿ ನಮ್ಮ ಟೈಟಲ್ ಸ್ಕ್ರೀನ್ ಇತ್ತು. ಅವನು ಹೆಸರನ್ನು ಉಚ್ಚರಿಸಿದ ರೀತಿ ಕೇಳಿದರೆ ನಗು ಬರುತ್ತದೆ. ಆದರೆ ತಾರೀಕು ಗಟ್ಟಿ.

ಸ್ಕ್ರೀನ್‌ಶಾಟ್ ತೆಗೆಯುವಾಗ ವಿಳಾಸ ಮತ್ತು ತಾರೀಕು ಎರಡೂ ಕಾಣಲಿ. ಮೇಲ್‌ಗಳನ್ನು ಪೂರ್ತಿ ಹೆಡರ್ ಸಮೇತ ಇಳಿಸಿಕೊಳ್ಳಿ. ಕೋರ್ಟಿಗೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಮೊದಲು ಅದನ್ನು 65ಬಿ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಬಂದಿದೆ. ಹೊಸ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ನಮ್ಮಂಥವರಿಗೆ ಅದು ಒಂದು ಕಮಾಂಡಿನ ಕೆಲಸ. ಫೈಲ್ ಸೇರಿಸಿದ ದಿನವೇ ಹ್ಯಾಶ್ ತೆಗೆದು ಒಂದು ಪಟ್ಟಿಯಲ್ಲಿ ಇಟ್ಟುಬಿಡಿ.

ಹೆಜ್ಜೆ 3: ಅವರ ಕಾಗದ ಎಷ್ಟು ಗಟ್ಟಿ ಅಂತ ನೋಡಿ

ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ಹುಡುಕುವಾಗ ಒಂದೇ ಸ್ಪೆಲ್ಲಿಂಗ್ ಹಾಕಿ ನಿಲ್ಲಿಸಬೇಡಿ. ನಮ್ಮ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ಕೊನೆಗೆ ‘ಯು’ ಇದ್ದು, ಇಲ್ಲದೆ, ಎರಡು ‘ಒ’ ಹಾಕಿ, ಮೊದಲಿಗೆ ‘ಇ’ ಬದಲು ‘ಎ’ ಹಾಕಿ, ಎಲ್ಲಾ ನೋಡಿ. ಉಚ್ಚಾರಣೆ ಮೇಲೆ ಹುಡುಕುವ ಫೊನೆಟಿಕ್ ಆಯ್ಕೆಯೂ ಇದೆ. ಗೇಮ್ ಸಾಫ್ಟ್‌ವೇರ್ ಬರುವುದು 9ನೇ ವರ್ಗದಲ್ಲಿ, ಆನ್‌ಲೈನ್ ಆಡಿಸುವ ಮನರಂಜನೆ 41ರಲ್ಲಿ. ಬೋರ್ಡ್ ಗೇಮ್, ಆಟಿಕೆ 28. ಮೂರನ್ನೂ ನೋಡಿ.

ಸಿಕ್ಕಿದ ಅರ್ಜಿಯಲ್ಲಿ ನಾಲ್ಕು ವಿಷಯ ಗಮನಿಸಿ: ಅರ್ಜಿ ಹಾಕಿದ ದಿನ, ಯಾವಾಗಿನಿಂದ ಬಳಕೆ ಅಂತ ಬರೆದಿದ್ದಾರೆ, ಯಾವ ಸರಕು ಸೇವೆಗೆ, ಮತ್ತು ಸ್ಟೇಟಸ್. ‘ರಿಜಿಸ್ಟರ್ಡ್’ ಅಂತಿದ್ದರೆ ಮಾತ್ರ ಅದು ನೋಂದಾಯಿತ ಮಾರ್ಕು. ‘ಆಬ್ಜೆಕ್ಟೆಡ್’ ಅಂದರೆ ಪರೀಕ್ಷಕರೇ ತಕರಾರು ಎತ್ತಿದ್ದಾರೆ. ‘ಆಕ್ಸೆಪ್ಟೆಡ್ ಅಂಡ್ ಅಡ್ವರ್ಟೈಸ್ಡ್’ ಅಂದರೆ ಜರ್ನಲ್‌ನಲ್ಲಿ ಬಂದಿದೆ, ಬೇರೆಯವರು ವಿರೋಧಿಸಬಹುದು. ಅಲ್ಲೇ ಅವರು ಸಲ್ಲಿಸಿದ ಕಾಗದಗಳನ್ನೂ ತೆರೆದು ಓದಬಹುದು. ಬೇಜಾರಿಲ್ಲದೆ ಓದಿ. ಪರೀಕ್ಷಕರಿಗೆ ಅವರು ಕೊಟ್ಟ ಉತ್ತರದಲ್ಲಿ ನಿಮಗೆ ಬೇಕಾದ ಮಾತು ಸಿಗಬಹುದು.

ನಮಗೆ ಬಂದ ನೋಟಿಸ್‌ನಲ್ಲಿ ‘ನಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್’ ಅಂತ ಹನ್ನೊಂದು ಸಲ ಇತ್ತು. ರಿಜಿಸ್ಟ್ರಿಯಲ್ಲಿ ನೋಡಿದರೆ 2024ರ ಮಾರ್ಚ್‌ನ ಅರ್ಜಿ. ಬಳಕೆಯ ಜಾಗದಲ್ಲಿ ‘ಮುಂದೆ ಬಳಸಲಿದ್ದೇವೆ’. ಸ್ಟೇಟಸ್ ‘ಆಬ್ಜೆಕ್ಟೆಡ್’. ಪ್ಲೇ ಸ್ಟೋರ್‌ಗೆ ಅವರ ಗೇಮ್ ಬಂದಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ನೋಂದಣಿ ಆಗದ ಮಾರ್ಕಿಗೆ ಉಲ್ಲಂಘನೆಯ ದಾವೆ ಹೂಡಲು ಆಗುವುದಿಲ್ಲ, ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 27 ಅದನ್ನು ಹೇಳುತ್ತದೆ. ಅವರು ಹೂಡಬಹುದಾದದ್ದು ‘ಪಾಸಿಂಗ್ ಆಫ್’ ಮಾತ್ರ. ಅಂದರೆ ತಮಗೆ ಮೊದಲೇ ಹೆಸರು ಬಂದಿತ್ತು, ನಾವು ಜನರನ್ನು ದಾರಿ ತಪ್ಪಿಸುತ್ತಿದ್ದೇವೆ, ಅದರಿಂದ ನಷ್ಟ ಅಂತ ಅವರೇ ಸಾಬೀತು ಮಾಡಬೇಕು.

ಹಾಗಂತ ನಿಶ್ಚಿಂತೆಯಿಂದ ಇರುವಂತಿಲ್ಲ. ನಾಳೆ ನೋಂದಣಿ ಸಿಕ್ಕರೆ ಅದು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಟೊಳ್ಳು ಕಾಗದ ಹಿಡಿದು ಹೆದರಿಸುವುದು ಗೇಮ್ ಲೋಕಕ್ಕೆ ಹೊಸದಲ್ಲ. 2009ರಲ್ಲಿ ಪ್ಯಾರಿಸ್‌ನ ಮೊಬಿಗೇಮ್ ಅನ್ನುವ ಪುಟ್ಟ ಸಂಸ್ಥೆಯ ‘ಎಡ್ಜ್’ ಐಫೋನ್ ಗೇಮ್ ಆ್ಯಪ್ ಸ್ಟೋರ್‌ನಿಂದಲೇ ಮರೆಯಾಯಿತು. ‘ಎಡ್ಜ್’ ಪದವೇ ತನ್ನದು ಅಂತ ಒಂದು ಕಂಪನಿ ಹಕ್ಕು ಸಾಧಿಸಿತ್ತು. ಮರುವರ್ಷ ಅದೇ ಕಂಪನಿ ಇಎ ಅನ್ನುವ ದೊಡ್ಡ ಗೇಮ್ ಕಂಪನಿಯ ಮೇಲೆ ದಾವೆಗೆ ಹೋದಾಗ ಅಮೆರಿಕದ ನ್ಯಾಯಾಧೀಶರು ಅದು ತಂದ ಸಾಕ್ಷಿಗಳ ಬಗ್ಗೆಯೇ ಸಂಶಯಪಟ್ಟು ತಡೆಯಾಜ್ಞೆ ಕೊಡಲಿಲ್ಲ. ಆಮೇಲೆ ಅದರ ಅಮೆರಿಕದ ನೋಂದಣಿಗಳೂ ರದ್ದಾದವು. ಅಷ್ಟರಲ್ಲಿ ಮೊಬಿಗೇಮ್‌ನವರು ಕಳೆದುಕೊಂಡ ತಿಂಗಳುಗಳನ್ನು ಯಾರು ತಂದುಕೊಡುತ್ತಾರೆ?

ಹೆಜ್ಜೆ 4: ಇದು ನಿಜವಾಗಿ ತಾಕಲಾಟವಾ?

ಹೆಸರಿಗೆ ಕಾಪಿರೈಟ್ ಇಲ್ಲ. ಶೀರ್ಷಿಕೆ ಒಂದರ ಮೇಲೇ ಕಾಪಿರೈಟ್ ಕೇಳಲಾಗದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಯಾರಾದರೂ ‘ಕಾಪಿರೈಟ್’ ಅಂತ ಬೆದರಿಸಿದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತ ತಿಳಿಯಿರಿ.

ಟ್ರೇಡ್‌ಮಾರ್ಕ್‌ನಲ್ಲಿ ಕೇಳುವ ಪ್ರಶ್ನೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸದ, ನೆನಪಿನ ಮೇಲೆ ಹುಡುಕುವ ಸಾಮಾನ್ಯ ಆಟಗಾರನಿಗೆ ಗೊಂದಲ ಆಗುತ್ತದಾ? ಕೇಳಲು, ನೋಡಲು, ಅರ್ಥದಲ್ಲಿ ಎಷ್ಟು ಹತ್ತಿರ? ಇದಕ್ಕೆ ನಮ್ಮೂರಿನದೇ ಒಂದು ಒಳ್ಳೆಯ ಉದಾಹರಣೆ ಇದೆ. ಹಾಲಿನ ನಂದಿನಿ ಗೊತ್ತು, ನಂದಿನಿ ಡಿಲಕ್ಸ್ ಹೋಟೆಲೂ ಗೊತ್ತು. ಕೆಎಂಎಫ್ 1985ರಿಂದ ಆ ಹೆಸರು ಬಳಸುತ್ತಿದೆ, ಹೋಟೆಲಿನವರು 1989ರಿಂದ. ಜಗಳ ದೆಹಲಿವರೆಗೆ ಹೋಗಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಲೋಗೋ ಬೇರೆ, ಸರಕು ಬೇರೆ, ಜನ ಗೊಂದಲಪಡುವುದಿಲ್ಲ ಅಂತ. ಹಾಲು, ಹಾಲಿನ ಪದಾರ್ಥಕ್ಕೆ ಮಾತ್ರ ಹೋಟೆಲಿನವರು ಆ ಹೆಸರು ಬಳಸುವಂತಿಲ್ಲ.

ನಮ್ಮ ವಿಷಯದಲ್ಲಿ ಎರಡೂ ಗೇಮ್, ಎರಡೂ ಹಾರರ್. ಅವರದು ಮೊಬೈಲ್, ನಮ್ಮದು ಪಿಸಿ ಅನ್ನುವ ವಾದ ಇತ್ತು. ಮೇಡಂ ಒಪ್ಪಲಿಲ್ಲ. ‘ನಾಳೆ ನೀವು ಮೊಬೈಲಿಗೆ ತರಲ್ವಾ?’ ಅಂದರು. ತರುವ ಯೋಚನೆ ಇತ್ತು. ಸುಮ್ಮನಾದೆವು.

ಕೆಲವು ಹೆಸರುಗಳ ಮೇಲೆ ಯಾರಿಗೂ ಹಕ್ಕು ಕೇಳಲು ಕಷ್ಟ. ಚೌಕಾಬಾರ ಆಡಿಸುವ ಆ್ಯಪ್‌ಗೆ ‘ಚೌಕಾಬಾರ’ ಅಂತ ಹೆಸರಿಟ್ಟು, ಇನ್ನೊಬ್ಬರು ಇಡಬಾರದು ಅಂದರೆ ಹೇಗೆ? ಅಳಗುಳಿಮಣೆ, ಲಗೋರಿ, ಹುಲಿ ಕುರಿ ಆಟ ಎಲ್ಲಾ ಅದೇ ಸಾಲು. ಅವು ಆಟದ ಹೆಸರೇ ಹೊರತು ನಿಮ್ಮ ಅಂಗಡಿಯ ಹೆಸರಲ್ಲ. ಸೆಕ್ಷನ್ 9 ಇಂಥವನ್ನು ತಡೆಯುತ್ತದೆ. ‘ಲಗೋರಿ’ ಪಕ್ಕ ನಿಮ್ಮದೇ ಒಂದು ಪದ ಬೇಕು.

ಹೊರದೇಶದ ಹೆಸರಾಂತ ಗೇಮ್ ಜೊತೆ ತಾಕಲಾಟ ಆದರೆ ಲೆಕ್ಕ ಬೇರೆ. ಹೊರಗೆ ಎಷ್ಟೇ ಹೆಸರಿದ್ದರೂ ಆ ಕಾಲಕ್ಕೆ ಭಾರತದಲ್ಲಿ ಜನಕ್ಕೆ ಗೊತ್ತಿತ್ತು ಅಂತ ತೋರಿಸಬೇಕು ಅಂತ 2017ರ ಪ್ರಿಯಸ್ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟೊಯೋಟಾದಂಥ ಕಂಪನಿಯೇ ಅಲ್ಲಿ ಸೋತಿತು. ಆದರೆ ಸ್ಟೀಮ್ ನಡೆಸುವ ವಾಲ್ವ್ ಇರುವುದು ಅಮೆರಿಕದಲ್ಲಿ. ಅಲ್ಲಿನ ನೋಂದಣಿ ಇಟ್ಟುಕೊಂಡವರು ಸ್ಟೀಮ್‌ಗೆ ದೂರು ಕೊಟ್ಟರೆ ನಮ್ಮ ಇಲ್ಲಿನ ರಿಜಿಸ್ಟ್ರಿಯ ಕಾಗದ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಹೆಜ್ಜೆ 5: ಫೋನ್ ಮಾಡಿ

ವಕೀಲರು ವಕೀಲರಿಗೆ ಬರೆಯುವ ಕಾಗದ ಓದಿದರೆ ಎರಡು ದೇಶ ಯುದ್ಧಕ್ಕೆ ನಿಂತ ಹಾಗಿರುತ್ತದೆ. ಆ ಕಡೆ ಇರುವುದು ನಿಮ್ಮ ಹಾಗೆಯೇ ಇಎಂಐ ಕಟ್ಟುತ್ತಾ ರಾತ್ರಿ ಗೇಮ್ ಮಾಡುವ ಒಬ್ಬ ಮನುಷ್ಯ. ನಿಮ್ಮ ವಕೀಲರಿಗೆ ಹೇಳಿ, ನೇರ ಮಾತಾಡಿ. ಮೊದಲು ಒಂದು ಮೇಲ್ ಹಾಕಿ, ಮೇಲೆ ‘ವಿತೌಟ್ ಪ್ರೆಜುಡಿಸ್’ ಅಂತ ಬರೆಯಿರಿ. ರಾಜಿಗಾಗಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ನಿಮ್ಮ ಮೇಲೇ ಎತ್ತಿಕಟ್ಟಬಾರದು ಅಂತ ಈ ಒಕ್ಕಣೆ.

ನಾವು ಒಂದು ಭಾನುವಾರ ಬೆಳಿಗ್ಗೆ ಮಾತಾಡಿದೆವು. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ಇಂಗ್ಲಿಷು, ನಡುನಡುವೆ ಹರಕು ತಮಿಳು. ಮೊದಲ ಹತ್ತು ನಿಮಿಷ ಬಿಗಿಯಾಗಿತ್ತು. ಆಮೇಲೆ ನಾನು ಬ್ರೆಜಿಲ್‌ನವನ ವಿಡಿಯೋ ಸ್ಕ್ರೀನ್ ಶೇರ್ ಮಾಡಿದೆ. ಅವರು ತಾರೀಕು ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, ‘ಹಾಗಾದರೆ ಆ ಪೇಜ್ ಎಲ್ಲಿ ಹೋಯಿತು?’ ಡ್ರಾಫ್ಟ್ ಕಥೆ ಹೇಳಿದೆ. ನಕ್ಕರು. ಅವರೂ ತಮ್ಮ ಮೊದಲ ಗೇಮ್ ಹೀಗೇ ಮುಚ್ಚಿಟ್ಟಿದ್ದಾರಂತೆ.

ದಾಖಲೆ ಮೊದಲು ಅಂದದ್ದು ಇದಕ್ಕೇ. ಬರಿಗೈಲಿ ಫೋನ್ ಮಾಡಿದ್ದರೆ ಬೇಡಿಕೊಂಡಂತೆ ಆಗುತ್ತಿತ್ತು. ಆ ವಿಡಿಯೋವನ್ನು ವಕೀಲರ ಕಾಗದದಲ್ಲಿ ಕಳಿಸಿದ್ದರೆ ಹೊಡೆದಂತೆ ಆಗುತ್ತಿತ್ತು.

ನಮ್ಮ ಪಕ್ಷವೂ ಅಂಥ ಗಟ್ಟಿಯಲ್ಲ ಅಂತ ನನಗೆ ಗೊತ್ತಿತ್ತು. ಜಾಮ್ ಆವೃತ್ತಿ ಇಳಿಸಿಕೊಂಡವರು 40 ಜನ. ನಡುವೆ ಪೇಜ್ ಮುಚ್ಚಿದ್ದರಿಂದ ‘ನಿರಂತರ ಬಳಕೆ’ ಅನ್ನುವುದೂ ಕುಂಟುತ್ತಿತ್ತು. ಅವರಿಗೆ ಅರ್ಜಿ ಇದೆ, ಆಟಗಾರರೂ ಜಾಸ್ತಿ. ಇಬ್ಬರಿಗೂ ಅರ್ಧರ್ಧ ಬಲ. ಇಂಥಲ್ಲಿ ದಾರಿ ನಾಲ್ಕು: ಒಬ್ಬರು ಹೆಸರು ಬದಲಿಸುವುದು, ಒಬ್ಬರು ಇನ್ನೊಬ್ಬರಿಂದ ಕೊಳ್ಳುವುದು, ಇಬ್ಬರೂ ಗುರುತು ಸಿಗುವ ಹಾಗೆ ಒಂದೊಂದು ಪದ ಸೇರಿಸುವುದು, ಅಥವಾ ಒಬ್ಬರ ಹೆಸರನ್ನು ಇನ್ನೊಬ್ಬರು ಅನುಮತಿ ಪಡೆದು ಬಳಸುವುದು. ಮೊಜಾಂಗ್ ಅನ್ನುವ ಗೇಮ್ ಕಂಪನಿಯ ‘ಸ್ಕ್ರಾಲ್ಸ್’ ಮೇಲೆ ಇನ್ನೊಂದು ದೊಡ್ಡ ಗೇಮ್ ಕಂಪನಿ ಬೆಥೆಸ್ಡಾ ಕಡೆಯವರು ಹೂಡಿದ ಜಗಳ 2012ರ ಮಾರ್ಚ್‌ನಲ್ಲಿ ಮುಗಿದದ್ದು ಈ ಕೊನೆಯ ರೀತಿಯಲ್ಲೇ. ಹೆಸರಿನ ಹಕ್ಕು ದೊಡ್ಡವರಿಗೆ, ಆ ಒಂದು ಗೇಮ್‌ಗೆ ಬಳಸುವ ಅನುಮತಿ ಮೊಜಾಂಗ್‌ಗೆ.

ನಾವು ಮೂರನೆಯದಕ್ಕೆ ಒಪ್ಪಿದೆವು. ಅವರು ‘ಇರುಳ್’ ಉಳಿಸಿಕೊಂಡು ಕೆಳಗೆ ಸ್ಟುಡಿಯೋ ಹೆಸರು ಹಾಕುವುದು, ನಾವು ‘ಇರುಳು’ ಜೊತೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಇನ್ನೊಂದು ಪದ ಸೇರಿಸುವುದು.

ಹೆಜ್ಜೆ 6: ಒಪ್ಪಿದ್ದನ್ನು ಬರೆದಿಡಿ

ಫೋನಿನಲ್ಲಿ ‘ಸರಿ ಬಿಡಿ’ ಅಂದದ್ದು ಸಾಲದು. ಇ-ಸ್ಟಾಂಪ್ ಪೇಪರಿನ ಮೇಲೆ ಸಹಬಾಳ್ವೆ ಒಪ್ಪಂದ ಮಾಡಿ. ನಮ್ಮದು ಐದು ಪುಟ. ಯಾರು ಯಾವ ಹೆಸರು, ಯಾವ ಲಿಪಿ, ಯಾವ ಲೋಗೋ, ಚಿತ್ರ ಸಮೇತ. ಮುಂದಿನ ಭಾಗ ಬಂದರೆ ಏನು, ಬೇರೆ ವೇದಿಕೆಗೆ ತಂದರೆ ಏನು, ಕಂಪನಿ ಮಾರಿದರೆ ಕೊಂಡವರಿಗೂ ಇದು ಅನ್ವಯ ಅನ್ನುವುದು. ಒಬ್ಬರಿಗೆ ಬರಬೇಕಾದ ಮೇಲ್ ಇನ್ನೊಬ್ಬರಿಗೆ ಬಂದರೆ ದಾಟಿಸುವುದು. ಇದು ಸಣ್ಣದು ಅನ್ನಿಸುತ್ತೆ. ಅವರ ಗೇಮ್ ಸರಿಯಾಗಿ ಓಡುತ್ತಿಲ್ಲ ಅಂತ ನಮಗೆ ಈವರೆಗೆ ಆರು ದೂರು ಬಂದಿವೆ.

ಒಂದು ಸಾಲನ್ನು ಮರೆಯಬೇಡಿ: ಒಬ್ಬರ ಅರ್ಜಿಗೆ ಇನ್ನೊಬ್ಬರು ವಿರೋಧ ಹಾಕುವುದಿಲ್ಲ, ಬೇಕಾದಾಗ ಒಪ್ಪಿಗೆ ಪತ್ರ ಕೊಡುತ್ತೇವೆ. ಹಳೆಯ ಮಾರ್ಕಿನ ಮಾಲೀಕ ಒಪ್ಪಿದರೆ ಹೋಲುವ ಮಾರ್ಕನ್ನೂ ನೋಂದಾಯಿಸಲು ಸೆಕ್ಷನ್ 11ರಲ್ಲಿ ಅವಕಾಶ ಇದೆ.

ಹೆಜ್ಜೆ 7: ಮಾತು ಮುರಿದರೆ

ನಮಗೆ ಇಲ್ಲಿಗೆ ಬರುವ ಪ್ರಸಂಗ ಬರಲಿಲ್ಲ. ಆದರೂ ಮೇಡಂ ಎಲ್ಲಕ್ಕೂ ತಯಾರಿ ಮಾಡಿಸಿದ್ದರು.

ಹೆಚ್ಚಿನ ಭಯ ಏಕಪಕ್ಷೀಯ ತಡೆಯಾಜ್ಞೆಯದು. ನಿಮಗೆ ಗೊತ್ತೇ ಆಗದ ಹಾಗೆ ಆ ಕಡೆಯವರು ಕೋರ್ಟಿಗೆ ಹೋಗಿ ತಡೆ ತಂದರೆ ಬಿಡುಗಡೆಯ ವಾರವೇ ಪೇಜ್ ಬಂದ್. ಇದಕ್ಕೆ ಮದ್ದು ಕೇವಿಯಟ್. ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಮೊದಲೇ ಅರ್ಜಿ ಹಾಕಿಡುವುದು. 90 ದಿನ ಚಾಲ್ತಿ, ಆಮೇಲೆ ಮತ್ತೆ ಹಾಕಬೇಕು. ಬೆಂಗಳೂರಿನಲ್ಲಿ ಮಾತ್ರ ಹಾಕಿದರೆ ಸಾಲದು. ನೋಂದಾಯಿತ ಮಾರ್ಕಿನ ಮಾಲೀಕ ತಾನು ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡಬಹುದು, ಸೆಕ್ಷನ್ 134 ಹಾಗೆ ಬಿಟ್ಟಿದೆ. ನಮ್ಮ ವಿಷಯದಲ್ಲಿ ಅವರಿಗೆ ನೋಂದಣಿ ಸಿಕ್ಕಿದ್ದರೆ ಕೊಚ್ಚಿ ಇರುವ ಎರ್ನಾಕುಳಂನಲ್ಲೂ ಕೇವಿಯಟ್ ಬೇಕಾಗುತ್ತಿತ್ತು.

ತುರ್ತು ತಡೆಯಾಜ್ಞೆ ಕೇಳದ ದಾವೆ ಆದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಇದು. ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಸಣ್ಣವರಿಗೆ ಇದು ವರವೇ.

ಅವರ ಅರ್ಜಿ ಜರ್ನಲ್‌ನಲ್ಲಿ ಬಂದರೆ ನಾಲ್ಕು ತಿಂಗಳೊಳಗೆ ಟಿಎಂ-ಒ ನಮೂನೆಯಲ್ಲಿ ವಿರೋಧ ಹಾಕಬಹುದು. ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 2,700 ರೂಪಾಯಿ. ಜರ್ನಲ್ ವಾರಕ್ಕೊಮ್ಮೆ, ಸೋಮವಾರ ಬರುತ್ತದೆ. ಗಡುವು ದಾಟಿದರೆ ಒಂದು ದಿನವೂ ಸಿಗುವುದಿಲ್ಲ. ಆಮೇಲೆ ಉಳಿಯುವುದು ನೋಂದಣಿ ರದ್ದು ಮಾಡಿಸುವ ಉದ್ದದ ದಾರಿ. ನಿಮ್ಮ ಅರ್ಜಿಗೇ ವಿರೋಧ ಬಂದರೆ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಬೇಕು. ಕೊಡದಿದ್ದರೆ ಅರ್ಜಿ ಬಿಟ್ಟುಕೊಟ್ಟ ಹಾಗೇ.

ಆಧಾರವಿಲ್ಲದೆ ಪದೇಪದೇ ಬೆದರಿಸುವವರ ಮೇಲೆ ನೀವೇ ದಾವೆ ಹಾಕಲು ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 142 ಇದೆ. ಅದನ್ನು ಉತ್ತರದಲ್ಲಿ ಒಂದು ಸಾಲು ಬರೆದರೂ ದನಿ ತಗ್ಗುತ್ತದೆ.

ಸ್ಟೋರ್‌ಗಳಿಗೆ ದೂರು ಕೊಡುವುದನ್ನು ನಾನು ಕೊನೆಗೇ ಇಡುತ್ತೇನೆ. ಆ್ಯಪಲ್ ನಿಮ್ಮ ದೂರನ್ನು ಆ ಕಡೆಯವರಿಗೆ ದಾಟಿಸಿ ಮೊದಲು ನೀವೇ ಬಗೆಹರಿಸಿಕೊಳ್ಳಿ ಅನ್ನುತ್ತದೆ. ಸ್ಟೋರ್ ಕೋರ್ಟಲ್ಲ, ಯಾರು ಮೊದಲು ಅಂತ ತೂಗಿ ನೋಡುವುದಿಲ್ಲ.

ಕೋರ್ಟಿಗೆ ಹೋಗಲೇಬಾರದು ಅಂತಲ್ಲ. ಸಿಫಿ ಪ್ರಕರಣ ಶುರುವಾಗಿದ್ದು ನಮ್ಮ ಸಿಟಿ ಸಿವಿಲ್ ಕೋರ್ಟಿನಲ್ಲೇ. ‘ಸಿಫಿ’ ಅನ್ನುವ ಡೊಮೇನ್ ಹೆಸರಿಗೆ ಒಂದು ‘ಎಫ್’ ಜಾಸ್ತಿ ಸೇರಿಸಿ ಇನ್ನೊಬ್ಬರು ಬಳಸಿದ್ದರು. ಸಿಫಿಯವರು ಇಲ್ಲಿ ಗೆದ್ದು, ಹೈಕೋರ್ಟಿನಲ್ಲಿ ಸೋತು, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದರು. ಆದರೆ ಅದು ಕಂಪನಿ ನಿಂತಿರುವ ಹೆಸರು. ಒಂದು ಗೇಮಿನ ಶೀರ್ಷಿಕೆಗೆ ಮೂರು ಕೋರ್ಟ್ ಮೆಟ್ಟಿಲು ಹತ್ತುವ ಬದಲು ಎರಡನೇ ಗೇಮ್ ಮಾಡುವುದೇ ಲೇಸು ಅನ್ನುವುದು ನನ್ನ ಲೆಕ್ಕ.

ಹೆಜ್ಜೆ 8: ಹೆಸರು ಬದಲಿಸುವುದಾದರೆ

ಒಂದಕ್ಷರ ಬದಲಿಸಿಯೂ ಪಾರಾದವರಿದ್ದಾರೆ. ‘ಪ್ರೇ ಫಾರ್ ದಿ ಗಾಡ್ಸ್’ ಮಾಡಿದ ಸಣ್ಣ ತಂಡ 2017ರಲ್ಲಿ ಹೆಸರಿನೊಳಗಿನ ಒಂದೇ ಒಂದು ಅಕ್ಷರ ಬದಲಿಸಿಕೊಂಡಿತು. ಜನ ಕೊಟ್ಟ ದುಡ್ಡನ್ನು ವಕೀಲರಿಗೆ ಸುರಿಯುವುದು ಬೇಡ ಅಂತ.

ಸ್ಟೀಮ್‌ನಲ್ಲಿ ಹೆಸರು ಬದಲಾದರೂ ಆ್ಯಪ್ ಐಡಿ ಅದೇ. ವಿಶ್‌ಲಿಸ್ಟ್ (ಮುಂದೆ ಕೊಳ್ಳಲು ಗುರುತಿಟ್ಟುಕೊಂಡವರ ಪಟ್ಟಿ) ಎಲ್ಲೂ ಹೋಗುವುದಿಲ್ಲ. ಇದು ಗೊತ್ತಾದಾಗ ನಮ್ಮಿಬ್ಬರ ಅರ್ಧ ತಲೆನೋವು ಇಳಿಯಿತು. ಕೆಲಸ ಇರುವುದು ಚಿತ್ರಗಳಲ್ಲಿ. ಅಂಗಡಿಯ ಎಲ್ಲ ಅಳತೆಯ ಕ್ಯಾಪ್ಸೂಲ್ (ಗೇಮ್‌ನ ಹೆಸರಿರುವ ಮುಖಚಿತ್ರ), ಟ್ರೇಲರಿನ ಕೊನೆಯ ಫ್ರೇಮ್, ಗೇಮ್ ಒಳಗಿನ ಟೈಟಲ್, ಪ್ರೆಸ್ ಕಿಟ್. ನಮಗೆ ಒಂಬತ್ತು ದಿನ ಹಿಡಿಯಿತು. ಪ್ಲೇ ಸ್ಟೋರ್‌ನಲ್ಲಿ ಶೀರ್ಷಿಕೆ 30 ಅಕ್ಷರ ಮೀರುವಂತಿಲ್ಲ, ಎರಡನೇ ಪದ ಆರಿಸುವಾಗ ಲೆಕ್ಕವಿರಲಿ.

ಆಮೇಲೆ ಅದೇ ವಾರ ನಿಮ್ಮ ಅರ್ಜಿಯನ್ನೂ ಹಾಕಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಎಲ್ಲಾ ಆನ್‌ಲೈನ್. ಒಬ್ಬ ವ್ಯಕ್ತಿಯಾಗಿ, ಇಲ್ಲವೇ ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮವಾಗಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನಾವು 9 ಮತ್ತು 41 ಎರಡಕ್ಕೂ ಹಾಕಿದೆವು. ಕನ್ನಡ ಲಿಪಿಯಲ್ಲಿ ಹಾಕುವುದಾದರೆ ಉಚ್ಚಾರಣೆ ಮತ್ತು ಅರ್ಥ ಬರೆದುಕೊಡಬೇಕು. ಬಳಕೆಯ ತಾರೀಕನ್ನು ಉಬ್ಬಿಸಬೇಡಿ. ಅದಕ್ಕೆ ಅಫಿಡವಿಟ್ ಕೊಡುತ್ತೀರಿ, ನಾಳೆ ಸುಳ್ಳಾದರೆ ಇಡೀ ಅರ್ಜಿಯ ಮೇಲೇ ಅನುಮಾನ. ನೋಂದಣಿ ಕೈಗೆ ಬರುವವರೆಗೆ ಹೆಸರಿನ ಪಕ್ಕ ‘ಟಿಎಂ’ ಮಾತ್ರ ಹಾಕಿ. ವೃತ್ತದೊಳಗಿನ ‘ಆರ್’ ಹಾಕುವುದು ಕಾನೂನಿಗೆ ವಿರುದ್ಧ. ಸಿಕ್ಕ ಮೇಲೆ ಹತ್ತು ವರ್ಷ ಚಾಲ್ತಿ.

ಇನ್ನೂ ಏನೂ ಶುರು ಮಾಡದವರಿಗೆ ಒಂದು ಮಾತು. ಪ್ಯಾಕೇಜ್ ನೇಮ್‌ನಲ್ಲಿ (ಪ್ಲೇ ಸ್ಟೋರ್ ಆ್ಯಪನ್ನು ಗುರುತಿಸುವ ಒಳಹೆಸರು) ಗೇಮ್‌ನ ಹೆಸರು ಹಾಕಬೇಡಿ. ‘ಪ್ರಾಜೆಕ್ಟ್ ಒಂದು’ ಅಂತ ಏನಾದರೂ ಇಡಿ. ಪ್ಲೇ ಸ್ಟೋರ್‌ಗೆ ಒಮ್ಮೆ ಹೋದ ಮೇಲೆ ಅದನ್ನು ಬದಲಿಸಲು ಆಗುವುದಿಲ್ಲ. ನಾವು ಹೆಸರು ಬದಲಿಸುವ ಹೊತ್ತಿಗೆ ನಮ್ಮ ಮೊಬೈಲ್ ಬೀಟಾ (ಪರೀಕ್ಷಾ ಆವೃತ್ತಿ) ಅಲ್ಲಿಗೆ ಹೋಗಿಬಿಟ್ಟಿತ್ತು. ಈಗಲೂ ಲಿಂಕ್‌ನ ಬಾಲದಲ್ಲಿ ಹಳೆಯ ಹೆಸರು ಹಾಗೇ ಇದೆ. ಒಪ್ಪಂದದ ಐದನೇ ಪುಟದಲ್ಲಿ ಅದಕ್ಕೂ ಒಂದು ಸಾಲು ಬರೆಸಿದ್ದೇವೆ.